ದನ ಮುಟ್ಟದ ಗಿಡ, ಚಿಗರಿ ತಿನ್ನದ ಗಿಡ

ಬಹಳ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಕಾರಣ ಕೇಳಬೇಡಿ, ಸೋಮಾರಿತನ ಬಿಟ್ಟರೆ ಬೇರೇನಿಲ್ಲ :) ಹೋದ ಭಾನುವಾರ ಬೆಳಿಗ್ಗೆ ಬಂದ ಒಂದು ಫೋನಿನಿಂದಾಗಿ ಮತ್ತೆ ಕೀಲಿಮಣೆ ಮುಂದೆ ಕೂತಿದ್ದೇನೆ.

ಫೋನ್ ಮಾಡಿದ್ದು ನ್ಯೂಜೆರ್ಸಿಯಲ್ಲಿರುವ ಅಕ್ಕ. ಅಕ್ಕ ಅಂದರೆ ದೊಡ್ಡಪ್ಪನ ಮಗಳು. ದಾವಣಗೆರೆಯಲ್ಲೇ ಹುಟ್ಟಿ ಬೆಳೆದವಳು, ಹೋಗಿ ಇಪ್ಪತ್ತು ವರ್ಷವಾದರೂ ಮಾತಿನಲ್ಲಿ ಇನ್ನೂ ಊರು ಬಿಟ್ಟಿಲ್ಲ. ಮಾಮೂಲಾಗಿ ಕುಶಲ ವಿಚಾರಿಸಿದ ಮೇಲೆ ಅಮ್ಮನ ಹತ್ತಿರ ಮಾತಾಡುವವಳು ಅವತ್ತು ನನ್ನನ್ನೇ ಹಿಡಿದುಕೊಂಡಳು.

"ಜಿಂಕೆ ನೋಡಪಾ, ಜಿಂಕೆ! ರಾತ್ರೋರಾತ್ರಿ ಐದಾರು ಬಂದು ಇಡೀ ಅಂಗಳ ಬಳಿದುಕೊಂಡು ಹೋದ್ವು. ನೀನು ಗಿಡದ ಹುಚ್ಚ ಅಲ್ವಾ, ಜಿಂಕೆ ತಿನ್ನದೇ ಇರೋ ಗಿಡ ಯಾವುದು ಹೇಳು."

ಅವರ ಕಡೆ ಬಿಳಿಬಾಲದ ಜಿಂಕೆ ಅಂದರೆ ನಮ್ಮಲ್ಲಿ ಬೀದಿ ದನ ಇದ್ದ ಹಾಗೆ. ರಸ್ತೆ ದಾಟುತ್ತವೆ, ಕಾರಿಗೆ ಅಡ್ಡ ಬರುತ್ತವೆ, ಹಿತ್ತಿಲಿಗೆ ನುಗ್ಗುತ್ತವೆ. ಅಲ್ಲಿನ ರಟ್ಗರ್ಸ್ ವಿಶ್ವವಿದ್ಯಾಲಯದವರು ಇದಕ್ಕೆಂದೇ ಒಂದು ಪಟ್ಟಿ ಮಾಡಿದ್ದಾರೆ. ಅಲಂಕಾರದ ಗಿಡಗಳನ್ನೆಲ್ಲ ನಾಲ್ಕು ದರ್ಜೆಗೆ ಹಂಚಿದ್ದಾರೆ: ಅಪರೂಪಕ್ಕೆ ಬಾಯಿ ಹಾಕುವಂಥವು ಒಂದು ತುದಿಗೆ, ಕಂಡ ಕೂಡಲೇ ಮೇಯುವಂಥವು ಇನ್ನೊಂದು ತುದಿಗೆ. ಅಕ್ಕ ಆಸೆಪಟ್ಟು ಹಾಕಿದ್ದ ಹೋಸ್ಟಾ, ಟ್ಯೂಲಿಪ್ ಎರಡೂ ಕೊನೆಯ ದರ್ಜೆಯವು. ಡ್ಯಾಫೋಡಿಲ್, ಲ್ಯಾವೆಂಡರ್ ಮೊದಲನೇ ದರ್ಜೆಯವು. ಜಿಂಕೆಗೆ ಹಸಿವಾದರೆ ಯಾವ ಗಿಡಕ್ಕೂ ಖಾತ್ರಿ ಇಲ್ಲ ಅಂತಲೂ ಅವರೇ ಹೇಳುತ್ತಾರೆ. ಇದೇ ಮಾತನ್ನು ನಮ್ಮ ಸೋದರಮಾವ ಬೇರೆ ರೀತಿ ಹೇಳಿದ್ದು ಮುಂದೆ ಬರುತ್ತದೆ.

ಪಟ್ಟಿ ನೋಡಿ ನೆಡು ಅಂದೆ. "ನಿಮಗೇನು ಬಿಡು, ಜಿಂಕೆ ನೋಡ್ಬೇಕಂದ್ರೆ ಆನಗೋಡಿನ ಮೃಗಾಲಯಕ್ಕೆ ಹೋಗ್ಬೇಕು" ಅಂದು ಫೋನ್ ಅಮ್ಮನ ಕೈಗೆ ಕೊಡಲು ಹೇಳಿದಳು. ನಾನು ಏನೋ ಹೇಳಬೇಕು ಅಂದುಕೊಂಡೆ, ಅಷ್ಟರಲ್ಲಿ ಅವರಿಬ್ಬರ ಮಾತು ಯಾರದೋ ಮದುವೆಗೆ ಹೋಗಿಬಿಟ್ಟಿತ್ತು. ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ಮನೆ ಮುಂದಿನ ಕಥೆ. ಹೊಸ ಬಡಾವಣೆಗೆ ಬಂದ ವರ್ಷ ಕಾಂಪೌಂಡಿನ ಹೊರಗೆ, ಚರಂಡಿ ಮತ್ತು ಗೋಡೆ ನಡುವಿನ ಎರಡಡಿ ಜಾಗದಲ್ಲಿ ಗುಲಾಬಿ, ದಾಸವಾಳ ಹಚ್ಚಿದೆ. ಗುಲಾಬಿಗೆ ಮುಳ್ಳಿದೆ, ದನ ಬರಲ್ಲ ಅಂತ ನನ್ನ ಲೆಕ್ಕ. ಬಂತು. ಮುಳ್ಳು ಸಮೇತ ಚಿಗುರು ತಿಂದು, ದಾಸವಾಳವನ್ನು ಬುಡದ ತನಕ ನುಣ್ಣಗೆ ಮಾಡಿ, ಗೇಟಿನ ಮುಂದೆ ಸೆಗಣಿಯ ರಸೀದಿ ಬಿಟ್ಟು ಹೋಯಿತು. ಮೂರು ಸಲ ಹೀಗಾಯಿತು. ನಾಲ್ಕನೇ ಸಲ ಗಿಡ ಮಾರುವವನ ಹತ್ತಿರ ಹೋಗಿ ನೇರವಾಗಿ ಕೇಳಿದೆ: ದನ, ಆಡು ಎರಡೂ ಮುಟ್ಟಬಾರದು, ವರ್ಷವಿಡೀ ಹೂ ಬಿಡಬೇಕು, ನೀರು ಕಡಿಮೆ ಸಾಕಾಗಬೇಕು. ಅವನು ಒಂದು ಕ್ಷಣವೂ ಯೋಚಿಸದೆ ಕಣಗಿಲೆ ಎತ್ತಿಕೊಟ್ಟ. "ಹೈವೇ ನೋಡಿಲ್ವಾ ಸರ್?"

ನೋಡಿದ್ದೆ. ನೀವೂ ನೋಡಿರುತ್ತೀರಿ. ದಾವಣಗೆರೆಯಿಂದ ಹರಿಹರದ ಪಕ್ಕ ಹಾದು ರಾಣೆಬೆನ್ನೂರಿನ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ (ನಮ್ಮ ಬಾಯಲ್ಲಿ ಅದಿನ್ನೂ ಎನ್‌ಎಚ್ 4) ನಡುವಿನ ಪಟ್ಟಿಯಲ್ಲಿ ಕಣಗಿಲೆ, ಕಾಗದದ ಹೂವು. ಬಿಸಿಲು, ಹೊಗೆ, ಧೂಳು ತಿಂದುಕೊಂಡು ಗುಲಾಬಿ ಬಣ್ಣದ ಹೂ ಬಿಡುತ್ತಲೇ ಇರುತ್ತವೆ. ದನ ರಸ್ತೆ ದಾಟಿದರೂ ಅದಕ್ಕೆ ಬಾಯಿ ಹಾಕಲ್ಲ. ಕಣಗಿಲೆಯ ಎಲೆ, ಹೂ, ತೊಗಟೆ, ಬೇರು, ಎಲ್ಲದರಲ್ಲೂ ಹೃದಯದ ಬಡಿತವನ್ನೇ ಕೆಡಿಸುವ ವಿಷ ಇದೆ. ಅದು ಕಹಿ, ಪ್ರಾಣಿಗಳಿಗೆ ಗೊತ್ತು.

ಕಣಗಿಲೆ ಸೊಗಸಾಗಿ ಬಂತು. ಎರಡನೇ ವರ್ಷ ಆಳೆತ್ತರವಾದಾಗ ಕತ್ತರಿ ತಗೊಂಡು ಸವರಿ, ಸವರಿದ್ದನ್ನು ಕಿತ್ತ ಹುಲ್ಲಿನ ಜೊತೆ ರಸ್ತೆ ಬದಿಗೆ ಗುಡ್ಡೆ ಹಾಕಿದೆ. ನಮ್ಮ ಹಿಂದಿನ ಬೀದಿಯಲ್ಲಿ ಎರಡು ಆಡು ಸಾಕಿಕೊಂಡಿರುವ ಅಜ್ಜಿಯೊಬ್ಬರಿದ್ದಾರೆ. ದಿನಾ ಒಂದು ಚೀಲ ಹಿಡಿದು ಸೊಪ್ಪು ಆರಿಸುತ್ತಾ ಬರುತ್ತಾರೆ. ಅವತ್ತು ಗುಡ್ಡೆಯ ಮುಂದೆ ಕೂತು ಒಂದು ಹಿಡಿ ಎತ್ತಿದವರು ಹಾಗೇ ಕೆಳಗೆ ಹಾಕಿದರು.

"ಕಣಗ್ಲ ಅಲ್ಲೇನ್ರೀ ಇದು? ಹುಲ್ಲಿನ ಜೊತೀಗೆ ಹಾಕೀರಲ್ಲ."

ದನ ಇದನ್ನು ತಿನ್ನಲ್ಲವಲ್ಲ ಅಜ್ಜಿ, ಅಂದೆ.

"ಹಸೀದು ತಿನ್ನಂಗಿಲ್ಲ. ಒಣಗಿ ಹುಲ್ಲಾಗ ಸೇರಿಕೊಂಡ್ರೆ ಅವಕ್ಕೇನು ಗೊತ್ತಾಗ್ತತಿ? ಓದಿದೋರು ನೀವು."

ಕೊನೇ ಮಾತು ಇವತ್ತಿಗೂ ಚುಚ್ಚುತ್ತದೆ. ಆಮೇಲೆ ಓದಿ ನೋಡಿದರೆ ಅಜ್ಜಿ ಹೇಳಿದ್ದು ಅಕ್ಷರಶಃ ನಿಜ. ಜಾನುವಾರುಗಳಿಗೆ ಕಣಗಿಲೆ ವಿಷ ಏರುವುದು ಹೆಚ್ಚಾಗಿ ಹೀಗೇ, ಸವರಿ ಬಿಸಾಕಿದ ಒಣ ಎಲೆ ಮೇವಿನಲ್ಲಿ ಬೆರೆತು. ಒಣಗಿದರೂ ವಿಷ ಹೋಗುವುದಿಲ್ಲ. ಅವತ್ತೇ ಗುಡ್ಡೆಯನ್ನೆಲ್ಲ ಬಾಚಿ, ಗುಂಡಿ ತೆಗೆದು ಹೂತೆ. ಸುಟ್ಟರೆ ಅದರ ಹೊಗೆಯೂ ಒಳ್ಳೆಯದಲ್ಲ. ತಿಂಗಳೊಳಗೆ ಗಿಡಗಳನ್ನೂ ತೆಗೆಸಿದೆ. ಹೂವಿಗೆ ಅಂತ ಅಮ್ಮ ಒಂದನ್ನು ಒಳಗೆ ಉಳಿಸಿಕೊಂಡಿದ್ದಾರೆ, ಅದನ್ನು ಸವರುವ ಕೆಲಸ ಮಾತ್ರ ನನ್ನದು. ಕೇರಳದಲ್ಲಿ ತಿರುವಾಂಕೂರು ದೇವಸ್ವಂ ಮಂಡಳಿಯವರು 2024ರ ಮೇ ತಿಂಗಳಲ್ಲಿ ನೈವೇದ್ಯಕ್ಕೂ ಪ್ರಸಾದಕ್ಕೂ ಅರಳಿ ಹೂ ಬೇಡ ಅಂದದ್ದು ನಿಮಗೆ ನೆನಪಿರಬಹುದು. ಅಲ್ಲಿನವರ ಅರಳಿ ಅಂದರೆ ನಮ್ಮ ಕಣಗಿಲೆ. ಸುದ್ದಿ ಕೇಳಿ ನಮ್ಮ ಪಕ್ಕದ ಮನೆಯವರು ಅಶ್ವತ್ಥ ಮರಕ್ಕೆ ಹೂವು ಯಾವಾಗ ಬಂತು ಅಂತ ತಲೆ ಕೆಡಿಸಿಕೊಂಡಿದ್ದರು :)

ಹಾಗಾದರೆ ಬಾಯಿ ಹಾಕದ ಗಿಡ ಬೇಡವೇ ಬೇಡ ಅಂತಲ್ಲ. ಒಂದು ಗಿಡವನ್ನು ಪ್ರಾಣಿ ತಿನ್ನದಿರಲು ಕಾರಣ ಬೇರೆ ಬೇರೆ ಇರುತ್ತದೆ. ವಿಷ, ಮುಳ್ಳು, ಹಾಲು, ಒರಟು ಎಲೆ, ಘಾಟು. ನಾವು ಕೊಳ್ಳುವಾಗ "ತಿನ್ನಲ್ಲ" ಅನ್ನುವುದನ್ನಷ್ಟೇ ಕೇಳುತ್ತೇವೆ, ಯಾಕೆ ತಿನ್ನಲ್ಲ ಅಂತ ಕೇಳುವುದಿಲ್ಲ. ನಮ್ಮ ಹಿರಿಯರು ಕೇಳಿದ್ದರು ಅನಿಸುತ್ತದೆ. 'ಆಡು ಮುಟ್ಟದ ಸೊಪ್ಪಿಲ್ಲ' ಅಂತ ಗಾದೆ ಮಾಡಿದ ಜನವೇ, ಆಡು ಮುಟ್ಟದ್ದು ಒಂದು ಸಿಕ್ಕಾಗ ಅದಕ್ಕೆ ಆಡುಮುಟ್ಟದ ಬಳ್ಳಿ ಅಂತ ಹೆಸರಿಟ್ಟು, ಉಬ್ಬಸದ ಔಷಧಿಗೆ ಇಟ್ಟುಕೊಂಡರು. ಆಡುಸೋಗೆಯದೂ ಅದೇ ಕಥೆ. ತಮಿಳಿನಲ್ಲಿ ಅದು ಆಡಾತೊಡೈ, ಆಡು ತೊಡದ ಗಿಡ ಎಂದೇ ಅದರ ಅರ್ಥ ಹೇಳುತ್ತಾರೆ. ಲಿನ್ನೇಯಸ್ 1753ರಲ್ಲಿ ಗಿಡಗಳಿಗೆಲ್ಲ ಲ್ಯಾಟಿನ್ ಹೆಸರಿಡುವಾಗ ಈ ಹೆಸರನ್ನೇ ಎತ್ತಿಕೊಂಡು ಜಸ್ಟೀಶಿಯಾ ಅಧಟೋಡ ಮಾಡಿದ. ಆಡಿಗೆ ಬೇಡವಾದ ಆ ಕಹಿಯೇ ನಮ್ಮ ಕೆಮ್ಮಿಗೆ ಔಷಧ. ಅದರಲ್ಲಿರುವ ವಾಸಿಸಿನ್ ಎಂಬ ವಸ್ತುವಿನ ಜಾಡು ಹಿಡಿದೇ ಇವತ್ತಿನ ಕೆಮ್ಮಿನ ಸಿರಪ್ಪುಗಳಲ್ಲಿರುವ ಬ್ರೋಮ್‌ಹೆಕ್ಸಿನ್ ಬಂದದ್ದು.

ನನ್ನ ಎರಡಡಿ ಜಾಗದಲ್ಲಿ ಈಗ ಆಡುಸೋಗೆ ಬೇಲಿ ಇದೆ, ಮೂಲೆಗೆ ಲಕ್ಕಿ ಗಿಡ. ಮುಂದೆ ದೊಡ್ಡಪತ್ರೆ, ಕಾಮಕಸ್ತೂರಿ, ಮಜ್ಜಿಗೆ ಹುಲ್ಲು, ಚೆಂಡು ಹೂವು, ಲೋಳೆಸರ. ಗೇಟಿನ ಪಕ್ಕ ಒಂದು ಪಾತಿ ದವನ. ದವನಕ್ಕೂ ದಾವಣಗೆರೆಗೂ ಸಂಬಂಧ ಇದೆಯೋ ಇಲ್ಲವೋ ಪಂಡಿತರು ಹೇಳಲಿ, ನಮ್ಮ ಗೇಟಿನ ಹತ್ತಿರವಂತೂ ಇದೆ. ಇವೆಲ್ಲ ಘಾಟಿನ ಮೇಲೆ ಬದುಕುವ ಗಿಡಗಳು. ದನ ಮೂಸಿ ನೋಡುತ್ತದೆ, ಮುಂದಕ್ಕೆ ಹೋಗುತ್ತದೆ. ಆಡು ಆಗಾಗ ಚೆಂಡು ಹೂವನ್ನು ಪರೀಕ್ಷೆ ಮಾಡುತ್ತದೆ, ಮಾಡಲಿ. ಅಕ್ಕನಿಗೂ ಇದನ್ನೇ ಹೇಳಬೇಕಿತ್ತು. ಅವಳ ಪಟ್ಟಿಯಲ್ಲಿ ಡ್ಯಾಫೋಡಿಲ್ ಗೆಲ್ಲುವುದು ಅದರ ಗೆಡ್ಡೆಯಲ್ಲೂ ಎಲೆಯಲ್ಲೂ ಇರುವ ವಿಷದಿಂದ, ಲ್ಯಾವೆಂಡರ್ ಗೆಲ್ಲುವುದು ವಾಸನೆಯಿಂದ. ಇಬ್ಬರಿಗೂ ಒಂದೇ ದರ್ಜೆ ಕೊಟ್ಟರೂ ಇಬ್ಬರೂ ಒಂದೇ ಅಲ್ಲ.

ಇನ್ನು ಅವಳು ಹೇಳಿದ ಎರಡನೇ ಮಾತು, ನಿಮಗೇನು ಜಿಂಕೆ ಇಲ್ಲ ಅಂದದ್ದು.

ಹರಿಹರದ ತುಂಗಭದ್ರಾ ಸೇತುವೆ ದಾಟಿದರೆ ಜಿಲ್ಲೆ ಬದಲಾಗುತ್ತದೆ. ಆ ದಡ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕು. ನಮ್ಮ ಸೋದರಮಾವನ ಹೊಲ ಆ ಕಡೆ. ಅಲ್ಲಿ ಜಿಂಕೆಗೆ ಚಿಗರಿ ಅಂತಾರೆ. ಪುಸ್ತಕದ ಹೆಸರು ಕೃಷ್ಣಮೃಗ. ಶಾಸ್ತ್ರದ ಪ್ರಕಾರ ಇದು ಜಿಂಕೆಯೇ ಅಲ್ಲ, ಜಿಂಕೆಯ ಕೊಂಬು ವರ್ಷಕ್ಕೊಮ್ಮೆ ಉದುರಿ ಹೊಸದು ಬರುತ್ತದೆ, ಇದರದು ಉದುರುವುದಿಲ್ಲ. ಆದರೆ ಮೆಕ್ಕೆಜೋಳ ತಿನ್ನುವಾಗ ಈ ವ್ಯತ್ಯಾಸ ಯಾರಿಗೂ ಕಾಣುವುದಿಲ್ಲ. ನಮ್ಮ ಜಿಲ್ಲೆಯ ಜಗಳೂರು ತಾಲ್ಲೂಕಿನಲ್ಲೂ ನಾಲ್ಕು ಕೊಂಬಿನ ಕೊಂಡುಕುರಿಗೆಂದು 2011ರಲ್ಲಿ ರಂಗಯ್ಯನದುರ್ಗ ವನ್ಯಜೀವಿಧಾಮ ಆಗಿದೆ. ಅದು ಕುರುಚಲು ಕಾಡಿನಲ್ಲಿ ಅಡಗಿಕೊಳ್ಳುವ ಸಂಕೋಚದ ಪ್ರಾಣಿ. ಚಿಗರಿ ಹಾಗಲ್ಲ, ಬಯಲಿನದು. ಹುಲ್ಲು ಬೇಕು, ದೂರದ ತನಕ ಕಣ್ಣು ಹಾಯಬೇಕು, ಹಿಂಡು ಕಟ್ಟಿಕೊಂಡು ಓಡಲು ಜಾಗ ಬೇಕು.

ಮಾವನ ಹೊಲದ ಸುತ್ತ ಹಳೇ ಸೀರೆ ಕಟ್ಟಿದ್ದಾರೆ. ಅತ್ತೆಯ ಸೀರೆ ಮುಗಿದು ಈಗ ಊರಿಂದ ಕೇಳಿ ತಂದವು. ಬೆಳೆ ಎಳೆಯದಿದ್ದಾಗ ರಾತ್ರಿ ಕಾವಲು, ಟಾರ್ಚು, ಪಟಾಕಿ. ಬೆಳಗಿನ ಜಾವ ಒಂದು ಗಂಟೆ ಕಣ್ಣು ಹತ್ತಿದರೆ ಸಾಕು, ಮೊಳಕೆ ಸಾಲು ಸಾಲಾಗಿ ಹೋಗಿರುತ್ತದೆ. ಹೊಡೆಯುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿದೆ ಕೃಷ್ಣಮೃಗ, ಹುಲಿ ಇರುವ ಅದೇ ಶೆಡ್ಯೂಲಿನಲ್ಲಿ. ಹೊಡೆಯುವ ಮನಸ್ಸೂ ಮಾವನಿಗಿಲ್ಲ. "ಮರಿ ಕಟ್ಟಿಕೊಂಡು ಬರ್ತಾವು, ಏನ್ ಮಾಡ್ತಿ" ಅಂತಾರೆ.

ಅವರನ್ನೂ ನಾನು ಅಕ್ಕನ ಪ್ರಶ್ನೆಯನ್ನೇ ಕೇಳಿದ್ದೆ. ಚಿಗರಿ ತಿನ್ನದ ಬೆಳೆ ಯಾವುದು ಮಾವ?

"ಹಸ್ತ ಚಿಗರಿ ಏನ್ ಬಿಡ್ತತಿ ಅಳಿಯಂದ್ರೆ? ನೀವು ಉಪಾಸ ಇದ್ದು ನೋಡ್ರಿ, ನಿಮ್ಮತ್ತಿ ಮಾಡಿದ ಉಪ್ಪಿಟ್ಟೂ ತಿಂತೀರಿ."

ಅತ್ತೆ ಒಳಗಿನಿಂದ ಕೇಳಿಸಿಕೊಂಡರು, ಅವತ್ತು ಮಾವನಿಗೆ ಚಹಾ ತಡವಾಯಿತು.

ಆಮೇಲೆ ಮಾವ ನಿಧಾನವಾಗಿ ಹೇಳಿದರು. ಮೊದಲು ಹಿಂಗಾರಿಗೆ ಬಿಳಿಜೋಳ ಬಿತ್ತುವಾಗ ಹೊಲದ ಸುತ್ತ ಕುಸುಬೆ ಸಾಲು ಹಾಕುತ್ತಿದ್ದರಂತೆ. ಕುಸುಬೆ ಎಳೆಯದಿದ್ದಾಗ ಸೊಪ್ಪು, ಬಲಿತ ಮೇಲೆ ಎಲೆಯ ಅಂಚಿಗೆಲ್ಲ ಮುಳ್ಳು. ದನ ಒಳಗೆ ನುಗ್ಗಲು ಹಿಂದೆಮುಂದೆ ನೋಡುತ್ತಿತ್ತು, ಮೇಲಾಗಿ ಮನೆಗೆ ಎಣ್ಣೆ ಆಗುತ್ತಿತ್ತು. ಉತ್ತರ ಕರ್ನಾಟಕದ ಎರೆಹೊಲಗಳಲ್ಲೆಲ್ಲ ಇದು ಇದ್ದ ಪದ್ಧತಿ. ನನಗೆ ಇದು ಬಹಳ ಹಿಡಿಸಿತು. ವಿಷವಿಲ್ಲದ ಬೇಲಿ, ತಿನ್ನಲು ಬರುವ ಬೇಲಿ. ಆದರೆ ಕೊಯ್ಯುವಾಗ ಕೈಯೆಲ್ಲ ರಕ್ತ, ಆಳು ಸಿಗಲ್ಲ. ಮುಳ್ಳಿಲ್ಲದ ತಳಿಗಳು ಬಂದವು, ಕೊಯ್ಯುವವರಿಗೆ ಸುಖ, ಬೇಲಿಯ ಕೆಲಸ ಮಾತ್ರ ಹೋಯಿತು. ಅಷ್ಟರಲ್ಲಿ ಬಿಳಿಜೋಳವೇ ಹೋಗಿ ಎಲ್ಲಿ ನೋಡಿದರೂ ಮುಂಗಾರಿನ ಮೆಕ್ಕೆಜೋಳ. ಕುಸುಬೆ ಹಿಂಗಾರಿನ ಬೆಳೆ, ಮೆಕ್ಕೆಜೋಳದ ಜೊತೆ ಸಾಲು ಹಾಕಲು ಕಾಲ ಕೂಡಿಬರುವುದಿಲ್ಲ.

ಸಂಜೆ ಮಾವನ ಜೊತೆ ಅಭಯಾರಣ್ಯದ ಅಂಚಿನ ತನಕ ಹೋದೆ. ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ, 1974ರಲ್ಲಿ ಘೋಷಣೆಯಾದದ್ದು, 119 ಚದರ ಕಿಲೋಮೀಟರ್. ಅಭಯಾರಣ್ಯ ಅಂದ ಕೂಡಲೇ ಹುಲ್ಲುಗಾವಲು ಅಂದುಕೊಳ್ಳುತ್ತೇವೆ. ನಾವು ನಿಂತ ಕಡೆ ಕಂಡದ್ದು ನೀಲಗಿರಿ. ಸಾಲು, ಸಾಲು, ಮತ್ತೆ ಸಾಲು. ಅಭಯಾರಣ್ಯ ಆಗುವುದಕ್ಕೂ ಮೊದಲಿನಿಂದಲೇ ಅಲ್ಲಿ ನೀಲಗಿರಿ ನೆಟ್ಟಿದ್ದಾರೆ. ಬಯಲಿಗೆ ಸೇರಿದ ಎರೆಭೂತ ಎನ್ನುವ ದೊಡ್ಡ ಹಕ್ಕಿಯೂ ಒಂದು ಕಾಲಕ್ಕೆ ಇಲ್ಲಿತ್ತು. ಮರದ ಕೆಳಗೆ ಒಣ ಎಲೆಯ ಹಾಸು, ಹುಲ್ಲು ಅಲ್ಲಲ್ಲಿ ಬೊಗಸೆಯಷ್ಟು. ಬೇಲಿ ಈಚೆ ಮಾವನಂಥವರ ಹೊಲ, ಹಸಿರೋ ಹಸಿರು.

"ನೋಡ್ರಿ, ಅವಕ್ಕೆ ಅಲ್ಲಿ ತಿನ್ನಾಕ ಏನೈತಿ?" ಅಂದರು ಮಾವ.

ನನಗೆ ತಟ್ಟನೆ ಆ ಗಿಡ ಮಾರುವವನ ನೆನಪಾಯಿತು. ನೀರು ಕಡಿಮೆ ಸಾಕು, ಬೇಗ ಬೆಳೆಯಬೇಕು, ದನ ಮುಟ್ಟಬಾರದು. ನೀಲಗಿರಿಯನ್ನು ರಾಜ್ಯದ ತುಂಬ ಹಬ್ಬಿಸುವಾಗ ಸರ್ಕಾರ ಕೇಳಿದ್ದೂ ಇದನ್ನೇ. ದನ ಮೇಯುವುದಿಲ್ಲ, ಆದ್ದರಿಂದ ಬೇಲಿ ಬೇಡ, ಕಾವಲು ಬೇಡ. ಅದು ನೀಲಗಿರಿಯ ದೊಡ್ಡ ಗುಣವಾಗಿತ್ತು! ಹೀಗೆ ನೋಡಿದರೆ ನಮ್ಮ ಸೀಮೆಯ ಅತಿ ದೊಡ್ಡ 'ಜಿಂಕೆ ತಿನ್ನದ ತೋಟ' ಯಾರ ಮನೆ ಮುಂದೂ ಇಲ್ಲ, ಜಿಂಕೆಗೆಂದು ಬಿಟ್ಟ ಜಾಗದಲ್ಲೇ ಇದೆ.

ಈ ಮಾತು ನನ್ನ ಶೋಧವೇನಲ್ಲ. ಹರಿಹರದ ಎದುರು ದಡದ ಕುಮಾರಪಟ್ಟಣದಲ್ಲಿ ರೇಯಾನಿಗೆ ಬೇಕಾದ ಪಲ್ಪ್ ಮಾಡುವ ಹರಿಹರ ಪಾಲಿಫೈಬರ್ಸ್ ಇದೆ, ಅದಕ್ಕೆ ನೀಲಗಿರಿ ಬೇಕು. 1984ರಲ್ಲಿ ಸರ್ಕಾರ ಮತ್ತು ಆ ಕಂಪನಿ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಅಂತ ಕಟ್ಟಿ, ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಜಮೀನನ್ನು ನೀಲಗಿರಿಯಂಥ ಮರಗಳಿಗೆ ಕೊಡಲು ಹೊರಟರು. ಊರ ದನ ಮೇಯುತ್ತಿದ್ದ, ಜನ ಸೌದೆ ಸೊಪ್ಪು ತರುತ್ತಿದ್ದ ಜಾಗಗಳು ಅವು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ವಿರೋಧಿಸಿತು, ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಒಬ್ಬರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿ ಕಿತ್ತು, ಆ ಜಾಗದಲ್ಲಿ ತಮಗೆ ಉಪಯೋಗವಾಗುವ ಗಿಡ ಹಚ್ಚಿದರು. ಆ ಸತ್ಯಾಗ್ರಹದ ಹೆಸರೇ 'ಕಿತ್ತಿಕೊ ಹಚ್ಚಿಕೊ'. ಎಂಥ ಹೆಸರು ನೋಡಿ! 1991ರಲ್ಲಿ ಸರ್ಕಾರ ಆ ಜಂಟಿ ಕಂಪನಿಯನ್ನು ಮುಚ್ಚುವ ತೀರ್ಮಾನ ಮಾಡಿತು. ಹೊಸದಾಗಿ ನೀಲಗಿರಿ ನೆಡಬಾರದು ಅಂತ ರಾಜ್ಯದಲ್ಲಿ ಆದೇಶ ಬರಲು ಮಾತ್ರ 2017 ಆಗಬೇಕಾಯಿತು.

ನೀಲಗಿರಿ ಹಾಕಿದ ರೈತರನ್ನು ನಾನು ಬೈಯುತ್ತಿಲ್ಲ. ಆಳಿಲ್ಲದ, ನೀರಿಲ್ಲದ ಹೊಲಕ್ಕೆ ಬೇಲಿಯೂ ಬೇಡದ ಬೆಳೆ ಅಂದರೆ ಯಾರಾದರೂ ಹಾಕುತ್ತಾರೆ. ನಾನು ಎರಡಡಿ ಜಾಗಕ್ಕೇ ಹಾಗೆ ಯೋಚಿಸಿದವನು. ನನ್ನ ತಕರಾರು ಇಷ್ಟೇ. ತಿನ್ನದ ಗಿಡ ನನ್ನ ಗೋಡೆ ಪಕ್ಕ ಇರಲಿ, ತಿನ್ನುವ ಗಿಡ ಇನ್ನೆಲ್ಲಾದರೂ ಇರಬೇಕಲ್ಲ? ಹೆದ್ದಾರಿಗೆ ಕಣಗಿಲೆ, ಗೋಮಾಳಕ್ಕೆ ನೀಲಗಿರಿ ಇಲ್ಲಾ ಸೈಟು, ಕೆರೆ ಅಂಗಳಕ್ಕೆ ಬಳ್ಳಾರಿ ಜಾಲಿ, ಖಾಲಿ ನಿವೇಶನಕ್ಕೆ ಕಾಂಗ್ರೆಸ್ ಗಿಡ. ಹೀಗೆ ಎಲ್ಲ ಕಡೆಯಿಂದ ಓಡಿಸಿಕೊಂಡ ಹಸಿವು ಯಾವನ ಹೊಲ ಹಸಿರಾಗಿದೆಯೋ ಅಲ್ಲಿಗೆ ಹೋಗುತ್ತದೆ. ದಾವಣಗೆರೆಯಲ್ಲಿ ಅದು ನನ್ನ ದಾಸವಾಳ, ನಷ್ಟ ನೂರು ರೂಪಾಯಿ. ರಾಣೆಬೆನ್ನೂರು ಸೀಮೆಯಲ್ಲಿ ಅದು ಮಾವನ ಮೆಕ್ಕೆಜೋಳ, ನಷ್ಟ ಒಂದು ವರ್ಷ. ಅಭಯಾರಣ್ಯದೊಳಗಿನ ನೀಲಗಿರಿಯನ್ನು ಹಂತ ಹಂತವಾಗಿ ತೆಗೆದು ಅಲ್ಲಿ ಹುಲ್ಲು ಬರಲು ಬಿಡುವುದು ಎಲ್ಲ ಬೇಲಿ, ಎಲ್ಲ ಪಟಾಕಿಗಿಂತ ಮೊದಲು ಆಗಬೇಕಾದ ಕೆಲಸ ಅನ್ನುವುದು ನನ್ನ ಅಭಿಪ್ರಾಯ.

ಇದಕ್ಕೆ ಮಾವನೇ ಅಡ್ಡ ಮಾತು ಹಾಕಿದರು. "ಮೆಕ್ಕಿಜೋಳದ ರುಚಿ ಕಂಡಾವು, ಹುಲ್ಲು ಬೆಳೆಸಿದ್ರ ವಾಪಸ್ ಹೋಗ್ತಾವೇನು?" ಎಲ್ಲವೂ ಹೋಗಲಿಕ್ಕಿಲ್ಲ. ಎಳೇ ಮೆಕ್ಕೆಜೋಳದ ಮುಂದೆ ಒಣ ಹುಲ್ಲು ಸಪ್ಪೆಯೇ. ಕಾವಲೂ ಬೇಕು, ನಷ್ಟವಾದಾಗ ಪರಿಹಾರವೂ ಬೇಕು. ಆದರೆ ಒಳಗೆ ತಿನ್ನಲು ಏನೂ ಇಡದೆ ಹೊರಗೆ ಬಂದಿದ್ದಕ್ಕೆ ಚಿಗರಿಯನ್ನು ಕಳ್ಳ ಅನ್ನುವುದು, ಅದರ ಕಾವಲಿಗೆ ಮಾವನ ನಿದ್ದೆಯನ್ನು ಇಡುವುದು, ಯಾವ ನ್ಯಾಯ?

ಅಲ್ಲಿಂದ ಬಂದ ಮೇಲೆ ಒಂದು ಸಣ್ಣ ಕೆಲಸ ಮಾಡಿದೆ. ಎಲೆಬಳ್ಳಿ ತೋಟಗಳಲ್ಲಿ ಬಳ್ಳಿ ಹಬ್ಬಿಸಲು ನೆಡುತ್ತಾರಲ್ಲ ಚೊಗಚೆ, ಅದರ ನಾಲ್ಕು ಬೀಜ ತಂದು ಆಡುಸೋಗೆಯ ಸಾಲಿನ ತುದಿಯಲ್ಲಿ ಊರಿದೆ. ಎರಡು ಬಂದವು. ಗೊಂಚಲು ಗೊಂಚಲು ಸೊಪ್ಪು, ಆಡಿಗೆ ಹಬ್ಬದೂಟ. ಎತ್ತರ ಆಗುವ ತನಕ ಹಳೇ ಡ್ರಮ್ಮಿನ ತಗಡು ಸುತ್ತಿ ಕಾಪಾಡಿದೆ. ಈಗ ವಾರಕ್ಕೆರಡು ಸಲ ಆ ಅಜ್ಜಿ ಬಂದು ಕೊಂಬೆ ಎಳೆದು ಸೊಪ್ಪು ಒಯ್ಯುತ್ತಾರೆ. ಮೊದಲ ದಿನ ಎಲೆ ಕಿತ್ತು ಮೂಸಿ, ತಿರುಗಿಸಿ ನೋಡಿ, ಆಮೇಲೇ ಚೀಲಕ್ಕೆ ಹಾಕಿದರು. ನನ್ನ ಮೇಲೆ ನಂಬಿಕೆ ಇನ್ನೂ ಪೂರ್ತಿ ಬಂದಿಲ್ಲ ಅಂತ ಕಾಣುತ್ತದೆ.

ನಿಮ್ಮ ಊರಿನ ಕಡೆ ಆಡು ಮುಟ್ಟದ, ದನ ಮೂಸಿ ಬಿಡುವ ಗಿಡಗಳು ಯಾವುವು, ಅವಕ್ಕೆ ಏನು ಹೆಸರು? ಮಲೆನಾಡಿನವರು, ಕರಾವಳಿಯವರು, ಬಯಲಿನವರು, ಎಲ್ಲರೂ ಹೇಳಿ. ಯಾಕೆ ಮುಟ್ಟುವುದಿಲ್ಲ ಅನ್ನುವುದನ್ನೂ ಸೇರಿಸಿ ಹೇಳಿ. ಅಕ್ಕನಿಗೆ ಮುಂದಿನ ಭಾನುವಾರದೊಳಗೆ ಉತ್ತರ ಕೊಡಬೇಕು.